ರಕ್ತ ನಿಲ್ಲದ ಕಾಯಿಲೆಯವರಿಗೆ ಮಂಡಿ ಬದಲಿಸಬಹುದೇ?

ಪ್ರಶ್ನೆ: ನನ್ನ ತಮ್ಮನಿಗೆ 38 ವರ್ಷ. ಹುಟ್ಟಿನಿಂದ ಹಿಮೋಫಿಲಿಯಾ ‘ಎ’ ಇದೆ. ಬಲಮಂಡಿ ಪೂರ್ತಿ ನೆಟ್ಟಗಾಗುವುದಿಲ್ಲ, ಸರಿಯಾಗಿ ಮಡಚಲೂ ಬರುವುದಿಲ್ಲ. ಮಂಡಿ ಬದಲಾಯಿಸದೆ ಬೇರೆ ದಾರಿಯಿಲ್ಲ ಎಂದು ಮೂಳೆ ಡಾಕ್ಟರು ಹೇಳಿದ್ದಾರೆ. ಹಲ್ಲು ಕೀಳಿಸಿದಾಗಲೇ ರಕ್ತ ನಿಲ್ಲದೆ ಒದ್ದಾಡಿದವನು ಅವನು. ಅವನಿಗೆ ಮಂಡಿ ಕೊಯ್ದರೆ ಬದುಕುತ್ತಾನೆಯೇ?
– ಓದುಗರೊಬ್ಬರು, ಕಿಕ್ಕೇರಿ, ಕೃಷ್ಣರಾಜಪೇಟೆ ತಾಲ್ಲೂಕು

ಉತ್ತರ: ಬದುಕುತ್ತಾರೆ, ನಡೆಯುತ್ತಾರೆ ಕೂಡ. ಹಿಮೋಫಿಲಿಯಾ ಇರುವವರಿಗೆ ಮಂಡಿ ಬದಲಿಸುವುದು ಈಗ ಹೊಸದಲ್ಲ. ಆದರೆ ನಿಮ್ಮ ಭಯ ಇರುವುದು ಕತ್ತಿಯ ಮೇಲೆ. ಅದು ಇರಬೇಕಾದದ್ದು ಬೇರೆ ಕಡೆ.

ರಕ್ತ ಹೆಪ್ಪುಗಟ್ಟಲು ಬೇಕಾದ ಎಂಟನೇ ಫ್ಯಾಕ್ಟರ್ ನಿಮ್ಮ ತಮ್ಮನ ದೇಹದಲ್ಲಿ ಸಾಕಷ್ಟು ತಯಾರಾಗುವುದಿಲ್ಲ. ಶೇ 1ಕ್ಕಿಂತ ಕಡಿಮೆ ಇದ್ದರೆ ಅದು ತೀವ್ರ ಹಿಮೋಫಿಲಿಯಾ. ಅಂಥವರಿಗೆ ಏಟು ಬೀಳದಿದ್ದರೂ ಕೀಲಿನೊಳಗೆ ರಕ್ತ ಸೋರುತ್ತದೆ. ಮೊದಲು ಮಂಡಿಯೊಳಗೆ ಜುಮ್ಮೆನ್ನುತ್ತದೆ, ಆಮೇಲೆ ಬಿಸಿಯಾಗಿ ಊದಿಕೊಳ್ಳುತ್ತದೆ. ಆ ರಕ್ತದಲ್ಲಿರುವ ಕಬ್ಬಿಣದ ಅಂಶ ಕೀಲಿನ ಒಳಪೊರೆಯಲ್ಲಿ ಉಳಿದುಬಿಡುತ್ತದೆ. ಪೊರೆ ದಪ್ಪಗಾಗಿ ಉರಿಯೂತ ಹತ್ತುತ್ತದೆ, ಅದರಿಂದ ಮತ್ತಷ್ಟು ರಕ್ತ. ಹತ್ತಿಪ್ಪತ್ತು ವರ್ಷ ಹೀಗೇ ನಡೆದರೆ ಮೃದ್ವಸ್ಥಿ ಸವೆದು ಮೂಳೆಗೆ ಮೂಳೆ ತಾಗುತ್ತದೆ. ಇಂಥ ಮಂಡಿ ತೆರೆದಾಗ ಒಳಪೊರೆ ತುಕ್ಕಿನ ಬಣ್ಣಕ್ಕೆ ತಿರುಗಿರುತ್ತದೆ. ಉಳಿದವರು ಅರವತ್ತು ದಾಟಿದ ಮೇಲೆ ಮಾಡಿಸಿಕೊಳ್ಳುವ ಆಪರೇಷನ್ ಇವರಿಗೆ ಮೂವತ್ತು, ನಲವತ್ತರಲ್ಲೇ ಬರುವುದು ಇದರಿಂದ. ನೋವಿಗೆಂದು ವರ್ಷಗಟ್ಟಲೆ ಕಾಲು ಮಡಚಿಕೊಂಡೇ ಮಲಗಿದ್ದರಿಂದ ಮಂಡಿ ಬಾಗಿಯೇ ಗಟ್ಟಿಯಾಗಿರುತ್ತದೆ. ಹಾಗಾಗಿ ಸರ್ಜನ್‌ಗೂ ಇದು ಸಲೀಸು ಕೆಲಸವಲ್ಲ.

ಇನ್ನು ರಕ್ತ ನಿಲ್ಲಿಸುವ ಲೆಕ್ಕ. ದೇಹದ ತೂಕದ ಪ್ರತಿ ಕಿಲೋಗೆ ಒಂದು ಯೂನಿಟ್ ಫ್ಯಾಕ್ಟರ್ ಕೊಟ್ಟರೆ ರಕ್ತದಲ್ಲಿ ಅದರ ಮಟ್ಟ ಸುಮಾರು ಶೇ 2 ಏರುತ್ತದೆ. ಕೊಯ್ಯುವ ಮುನ್ನ ಮಟ್ಟ ಶೇ 80ರಿಂದ 100ರ ಹತ್ತಿರ ಇರಬೇಕು. 60 ಕಿಲೋ ತೂಕದವರಿಗೆ ಮೊದಲ ಡೋಸಿಗೇ ಸುಮಾರು 3,000 ಯೂನಿಟ್ ಬೇಕು, ಅಂದರೆ 500ರ ಬಾಟಲಿ ಆರು. ಅದು ಎಂಟರಿಂದ ಹನ್ನೆರಡು ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ, ಮತ್ತೆ ಕೊಡಬೇಕು. ಡೋಸ್ ಇಳಿಸುತ್ತಾ ಎರಡು ವಾರ ಹೀಗೇ ಸಾಗಬೇಕು. ಒಟ್ಟು ಲೆಕ್ಕ ಹತ್ತಾರು ಸಾವಿರ ಯೂನಿಟ್ ಮುಟ್ಟುತ್ತದೆ. ಐದನೇ ದಿನ ಸ್ಟಾಕ್ ಮುಗಿದರೆ? ಅಪಾಯ ಇರುವುದು ಅಲ್ಲಿ. ಎರಡೂ ಮಂಡಿ ಕೆಟ್ಟಿದ್ದರೆ ಕೆಲವು ಕಡೆ ಒಟ್ಟಿಗೇ ಬದಲಿಸುವುದೂ ಫ್ಯಾಕ್ಟರ್ ಉಳಿತಾಯದ ದೃಷ್ಟಿಯಿಂದಲೇ.

ಅದಕ್ಕೂ ಮುಂಚೆ ಇನ್ಹಿಬಿಟರ್ ಪರೀಕ್ಷೆ ಆಗಲೇಬೇಕು. ಹೊರಗಿನಿಂದ ಕೊಟ್ಟ ಫ್ಯಾಕ್ಟರನ್ನು ಕೆಲವರ ದೇಹ ಶತ್ರುವೆಂದು ತಿಳಿದು ಕೊಂದುಹಾಕುತ್ತದೆ. ತೀವ್ರ ಹಿಮೋಫಿಲಿಯಾ ‘ಎ’ ಇರುವವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಜೀವನದಲ್ಲಿ ಎಂದಾದರೂ ಹೀಗಾಗುತ್ತದೆ. ಆಗ ಔಷಧಿಯೇ ಬೇರೆ, ಖರ್ಚೂ ಬೇರೆ.

ಎಲ್ಲಿ ಮಾಡಿಸುವುದು? ಕೆ.ಆರ್. ಪೇಟೆಯಲ್ಲಂತೂ ಆಗದು. ಹತ್ತಿರದ ಮಂಡ್ಯ ಅಥವಾ ಮೈಸೂರೇ ಸಾಕೆಂದು ಬೇಗ ತೀರ್ಮಾನ ಮಾಡಬೇಡಿ. ರಕ್ತರೋಗ ತಜ್ಞರು, ಫ್ಯಾಕ್ಟರ್ ಮಟ್ಟ ಅಳೆಯುವ ಲ್ಯಾಬ್, ಇಂಥ ಮಂಡಿ ಮಾಡಿ ಅನುಭವವಿರುವ ಸರ್ಜನ್ ಮೂರೂ ಒಂದೇ ಸೂರಿನಡಿ ಇರಬೇಕು. ಬೆಂಗಳೂರಿನ ದೊಡ್ಡ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲೂ ವೆಲ್ಲೂರಿನ ಸಿಎಂಸಿಯಲ್ಲೂ ವಿಚಾರಿಸಿ. ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇದೆ. ಅದನ್ನು ಕಟ್ಟಿದ ಡಾ. ಸುರೇಶ್ ಹನಗವಾಡಿ ಪೆಥಾಲಜಿ ವೈದ್ಯರು, ಸ್ವತಃ ಹಿಮೋಫಿಲಿಯಾ ಇರುವವರು. ಯಾವ ಆಸ್ಪತ್ರೆಗೆ ಹೋದರೆ ಕೆಲಸ ಆಗುತ್ತದೆಂದು ಅಲ್ಲಿ ಕೇಳಿದರೆ ಅಲೆದಾಟ ತಪ್ಪೀತು. ಸರ್ಕಾರಿ ಆಸ್ಪತ್ರೆಗಳಲ್ಲಿ ಫ್ಯಾಕ್ಟರ್ ಉಚಿತ ನಿಜ, ಆದರೆ ಸಾಮಾನ್ಯ ರಕ್ತಸ್ರಾವಕ್ಕೆ ಕೊಡುವುದು ಬೇರೆ, ಆಪರೇಷನ್ನಿನ ಅಷ್ಟೂ ಸ್ಟಾಕ್ ಎತ್ತಿಡುವುದು ಬೇರೆ. ಆರೋಗ್ಯ ಕಾರ್ಡಿನಲ್ಲಿ ಆಪರೇಷನ್ ಮಾತ್ರ ಬರುತ್ತದೋ, ಫ್ಯಾಕ್ಟರೂ ಸೇರಿ ಬರುತ್ತದೋ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ.

ಅಲ್ಲಿಯವರೆಗೆ ಮಂಡಿ ನೀವಿಸುವುದು, ನಾಟಿ ಪಟ್ಟು ಹಾಕಿಸುವುದು ಬೇಡ. ಸೊಂಟಕ್ಕೆ ಇಂಜೆಕ್ಷನ್ ಬೇಡವೇ ಬೇಡ, ಸ್ನಾಯುವಿನೊಳಗೆ ರಕ್ತ ಕಟ್ಟಿಕೊಳ್ಳುತ್ತದೆ. ನೋವಿಗೆ ಆಸ್ಪಿರಿನ್, ಡೈಕ್ಲೋಫೆನಾಕ್, ಬ್ರೂಫೆನ್ ನುಂಗಬಾರದು. ಪ್ಯಾರಾಸಿಟಮಾಲ್ ಆಗಬಹುದು. ತೊಡೆಯ ಸ್ನಾಯು ಗಟ್ಟಿಯಾಗುವ ವ್ಯಾಯಾಮವನ್ನು ಫಿಸಿಯೋಥೆರಪಿಯವರಿಂದ ಈಗಲೇ ಕಲಿಯಲಿ. ಆಪರೇಷನ್ ಆದ ಮೇಲೂ ಫ್ಯಾಕ್ಟರ್ ತೆಗೆದುಕೊಂಡೇ ವ್ಯಾಯಾಮಕ್ಕೆ ಇಳಿಯಬೇಕು.

ಫಲ ಎಷ್ಟು? ನೋವು ಹೋಗುತ್ತದೆ, ಕಾಲು ಬಹುಮಟ್ಟಿಗೆ ನೆಟ್ಟಗಾಗುತ್ತದೆ. ಮಡಚುವುದು ಮಾತ್ರ ಪೂರ್ತಿ ಬರುವುದಿಲ್ಲ. ಪಂಕ್ತಿಯಲ್ಲಿ ನೆಲದ ಮೇಲೆ ಕೂತು ಉಣ್ಣುವುದು, ಕುಕ್ಕರಗಾಲಿನಲ್ಲಿ ಕೂರುವುದು, ಕಬ್ಬಿನ ಹೊರೆ ಹೊರುವುದು ಇನ್ನು ಇಲ್ಲ. ಮನೆಯಲ್ಲಿ ಕಮೋಡ್ ಹಾಕಿಸಿ. ಸೋಂಕಿನ ಸಾಧ್ಯತೆ ಇವರಿಗೆ ಬೇರೆಯವರಿಗಿಂತ ಹೆಚ್ಚು. ಹಾಕಿದ ಮಂಡಿ ಹದಿನೈದಿಪ್ಪತ್ತು ವರ್ಷ ಬಾಳಬಹುದು, ಆಮೇಲೆ ಇನ್ನೊಮ್ಮೆ ಆಪರೇಷನ್ ಬೇಕಾದೀತು. ಇಷ್ಟಿದ್ದರೂ, ರಾತ್ರಿ ನಿದ್ದೆಗೂ ನೋವು ಬಿಡುತ್ತಿಲ್ಲವಾದರೆ ಮಾಡಿಸಿ ಎಂದೇ ಹೇಳುತ್ತೇನೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹಿಮೋಫಿಲಿಯಾ ಸೇರಿದೆ. ಪ್ರಮಾಣಪತ್ರ ಮಾಡಿಸಿರದಿದ್ದರೆ ಜಿಲ್ಲಾಸ್ಪತ್ರೆಯಲ್ಲಿ ಮಾಡಿಸಿ.

ನೀವು ಕೇಳದ ಒಂದು ಮಾತು. ಈ ಕಾಯಿಲೆ ಸಾಮಾನ್ಯವಾಗಿ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುತ್ತದೆ. ತಮ್ಮನಿಗೆ ಹೆಣ್ಣುಮಕ್ಕಳಿದ್ದರೆ ಅವರೆಲ್ಲ ವಾಹಕರೇ. ಅಮ್ಮ ವಾಹಕಿಯಾಗಿದ್ದರೆ ತಮ್ಮನ ಅಕ್ಕತಂಗಿಯರು ಯಾರೇ ಆಗಲಿ, ವಾಹಕರಾಗಿರುವ ಸಾಧ್ಯತೆ ಅರ್ಧಕ್ಕರ್ಧ. ತಮ್ಮನನ್ನು ಕರೆದೊಯ್ದ ದಿನವೇ ಮನೆಯ ಹೆಣ್ಣುಮಕ್ಕಳ ಫ್ಯಾಕ್ಟರ್ ಮಟ್ಟವನ್ನೂ ಪರೀಕ್ಷೆ ಮಾಡಿಸಿ, ವಾಹಕತ್ವದ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ.