ಪದರಗಾಜು: ಒಡೆದರೂ ಚದುರದ ಕಾಚ

ಸಂಸ್ಕೃತದ ‘ಕಾಚ’ ಶಬ್ದದ ತದ್ಭವವೇ ಕನ್ನಡದ ‘ಗಾಜು’. ಬೆಳಕನ್ನು ಒಳಗೆ ಬಿಟ್ಟು ಗಾಳಿಧೂಳುಗಳನ್ನು ಹೊರಗೇ ತಡೆಯುವ ಈ ವಸ್ತುವಿನ ಗುಣಗಳು ಹಲವು, ಮಹಾದೋಷ ಒಂದೇ. ಪೆಟ್ಟುಬಿದ್ದೊಡನೆ ಅದು ಕತ್ತಿಯಲಗಿನಂತಹ ಚೂರುಗಳಾಗಿ ಸಿಡಿಯುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಹಳೆಯ ಮನೆಗಳು ಕಲ್ಲುಮಣ್ಣುಗಳ ದಪ್ಪಗೋಡೆಯವು. ಕಿಟಕಿಗಳು ಚಿಕ್ಕವು, ಅವುಗಳಿಗೆ ಮರದ ಕದ. ಅಲ್ಲಿ ಈ ದೋಷಕ್ಕೆ ಎಡೆಯಿರಲಿಲ್ಲ. ಈಗಲಾದರೋ ಶಾಲೆ, ಆಸ್ಪತ್ರೆ, ಅಂಗಡಿಗಳಲ್ಲಿ ಆಳೆತ್ತರದ ಗಾಜುಗಳು ಬಂದಿವೆ. ಆದುದರಿಂದ ಗಾಜು ಹೇಗೆ ಹೊಳೆಯುತ್ತದೆ ಎಂಬುದಕ್ಕಿಂತ ಹೇಗೆ ಒಡೆಯುತ್ತದೆ ಎಂಬುದನ್ನು ಮೊದಲು ವಿಚಾರಿಸಬೇಕು.

ಈ ದೋಷಕ್ಕೆ ಪರಿಹಾರ ದೊರೆತುದು ಆಕಸ್ಮಿಕವಾಗಿ. 1903ರಲ್ಲಿ ಫ್ರಾನ್ಸ್ ದೇಶದ ಎಡ್ವಾರ್ ಬೆನೆಡಿಕ್ಟಸ್ ಎಂಬ ರಸಾಯನಜ್ಞನ ಕೈಯಿಂದ ಗಾಜಿನ ಕುಪ್ಪಿಯೊಂದು ನೆಲಕ್ಕೆ ಬಿದ್ದು ಬಿರಿಯಿತಾದರೂ ಚೂರಾಗಿ ಚದುರಲಿಲ್ಲವಂತೆ. ಅದರಲ್ಲಿದ್ದ ಸೆಲ್ಯುಲೋಸ್ ನೈಟ್ರೇಟ್ ದ್ರಾವಣ ಒಣಗಿ ಒಳಮೈಗೆ ಪೊರೆಯಾಗಿ ಅಂಟಿಕೊಂಡಿತ್ತು. ಈ ತತ್ತ್ವವನ್ನು ಹಿಡಿದು ಆತನು 1909ರಲ್ಲಿ ಪೇಟೆಂಟ್ ಪಡೆದನು.

ಇಂದಿನ ಪದರಗಾಜಿನಲ್ಲಿ ಎರಡು ಹಾಳೆಗಳ ನಡುವೆ ಸಾಮಾನ್ಯವಾಗಿ ಪಾಲಿವಿನೈಲ್ ಬ್ಯುಟಿರಾಲ್ ಎಂಬ ಪೊರೆಯಿರುತ್ತದೆ. ಅದರ ದಪ್ಪ 0.38 ಮಿಲಿಮೀಟರ್ ಅಥವಾ ಅದರ ಮಡಿಗಳಷ್ಟು. ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಅಧಿಕ ಒತ್ತಡದಲ್ಲಿ ಇವು ಒಂದಾಗಿ ಬೆಸೆಯುತ್ತವೆ. ಕಂಬಳಿಯಲ್ಲಿ ಒಂದೆಳೆ ಹರಿದರೂ ಉಳಿದ ಎಳೆಗಳು ನೇಯ್ಗೆಯನ್ನು ಹಿಡಿದಿರುವಂತೆ, ಗಾಜು ಬಿರಿದರೂ ಪೊರೆಯು ಚೂರುಗಳನ್ನು ಬಿಡದೆ ಹಿಡಿಯುತ್ತದೆ.

ಕಾಯಿಸಿ ಒಮ್ಮೆಗೇ ತಣಿಸಿದ ಗಡಸುಗಾಜು ಬೇರೆ. ಅದು ಸಾಮಾನ್ಯ ಗಾಜಿಗಿಂತ ನಾಲ್ಕೈದು ಪಾಲು ಬಲವುಳ್ಳದ್ದು. ಒಡೆದರೆ ಮೊಂಡಾದ ಸಣ್ಣ ಹರಳುಗಳಾಗಿ ಉದುರುತ್ತದೆ, ಕಿಂಡಿ ಬರಿದಾಗುತ್ತದೆ. ಪದರಗಾಜು ಒಡೆದ ಮೇಲೂ ಚೌಕಟ್ಟಿನಲ್ಲಿಯೇ ನಿಲ್ಲುವುದರಿಂದ ಮಹಡಿಯ ಕಟಕಟೆಗೂ ತಲೆಯ ಮೇಲಣ ಬೆಳಕಿಂಡಿಗೂ ಅದೇ ಯುಕ್ತ.

ಮೊಳಕಾಲ್ಮೂರಿನ ರೇಷ್ಮೆ ವ್ಯಾಪಾರಿಗಳಿಗೂ ಇದರಿಂದ ಲಾಭವುಂಟು. ಬಿಸಿಲಿನ ಅತಿನೇರಳೆ ಕಿರಣಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲನ್ನು ಈ ಪೊರೆ ತಡೆಯಬಲ್ಲದು. ಗಾಜಿನ ಹಿಂದೆ ಹರಡಿದ ಸೀರೆಯ ಬಣ್ಣ ಮಾಸುವುದು ಇದರಿಂದ ತಡವಾಗುತ್ತದೆ. ಆದರೆ ಕಣ್ಣಿಗೆ ಕಾಣುವ ಬೆಳಕೂ ಬಣ್ಣವನ್ನು ಮಾಸಿಸುವುದರಿಂದ ಪೂರ್ಣ ರಕ್ಷಣೆ ಎನ್ನಲಾಗದು. ಬಿಳಿಯ ಪದರಗಾಜು ಬಿಸಿಲಿನ ತಾಪವನ್ನೂ ಹೆಚ್ಚಾಗಿ ತಡೆಯದು. ಚಳ್ಳಕೆರೆಯ ಬೇಸಗೆಗೆ ಸಜ್ಜೆಯ ನೆರಳು ಬೇಕೇ ಬೇಕು.

ಕೊಳ್ಳುವವರು ಕೆಲವು ಸಂಗತಿಗಳನ್ನು ಗಮನಿಸಬೇಕು. ಕಟ್ಟಡಗಳ ಸುರಕ್ಷಾಗಾಜಿಗೆ ಭಾರತೀಯ ಮಾನಕ 2553ರ ಮೊದಲ ಭಾಗವಿದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಜನರು ತಾಗುವೆಡೆಗಳ ಗಾಜಿನ ಬಗ್ಗೆ ನಿಯಮಗಳನ್ನು ಹೇಳಿದೆ. ಅಂಚಿನಲ್ಲಿ ನೀರು ನಿಂತರೆ ಪದರಗಳು ಬಿಡಬಹುದು. ಬಿರಿದ ಗಾಜು ಉದುರಲಿಲ್ಲವೆಂದು ಹಾಗೆಯೇ ಬಿಡದೆ ಬದಲಾಯಿಸಬೇಕು.

ಪದರಗಾಜಿಗೆ ಬೆಲೆ ಹೆಚ್ಚು. ಎಲ್ಲ ಕಿಟಕಿಗಳಿಗೂ ಹಾಕಿಸಲು ಶಕ್ತಿ ಸಾಲದು. ಹಾಗಿದ್ದಲ್ಲಿ ಮಕ್ಕಳು ಓಡಿಬರುವ ಬಾಗಿಲು, ಮೆಟ್ಟಿಲ ಬದಿ, ಆಟದ ಬಯಲಿಗೆ ಮುಖವಾದ ಕಿಟಕಿ ಇವುಗಳಿಗಾದರೂ ಮೊದಲು ಹಾಕಿಸುವುದು ವಿವೇಕ. ಕೊಠಡಿ ಕಟ್ಟಿಸಿದ ದಾನಿಯ ಹೆಸರು ಗೋಡೆಯ ಕಲ್ಲಿನಲ್ಲಿ ಕಾಣುತ್ತದೆ. ಗಾಜಿನ ನಡುವಣ ಪೊರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೂ ಚೆಂಡು ತಾಗಿದ ದಿನ ಮಗುವಿನ ಕಣ್ಣನ್ನು ಕಾಯುವುದು ಅದೇ. ಹೆಸರನ್ನು ಬಯಸದೆ ಸಲ್ಲಿಸಿದ ಸೇವೆಯನ್ನೇ ಶರಣರು ದಾಸೋಹವೆಂದು ಕರೆದರು.