ಊರ ಕೆಲಸಕ್ಕೆ ಊರೇ ಬರಬೇಕಾದರೆ: ತಳಕಲ್ ಪಂಚಾಯ್ತಿಗೆ ಹನ್ನೊಂದು ಸೂತ್ರಗಳು

ಗದಗ–ಕೊಪ್ಪಳ ರೈಲು ಮಾರ್ಗದಲ್ಲಿ ತಳಕಲ್ ಬಹಳ ವರ್ಷ ಒಂದು ಸಣ್ಣ ಸ್ಟೇಷನ್ ಆಗಿತ್ತು. ಗದಗ–ವಾಡಿ ಹೊಸ ಮಾರ್ಗ ಇಲ್ಲಿಂದಲೇ ಕವಲೊಡೆದು, 2025ರ ಮೇ ತಿಂಗಳಲ್ಲಿ ಕುಷ್ಟಗಿವರೆಗೆ ರೈಲು ಓಡಿದ ಮೇಲೆ ಊರ ಹೆಸರು ನಾಲ್ಕು ಕಡೆ ಕೇಳಿಬರುತ್ತಿದೆ. ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಹತ್ತಿರದ ಭಾನಾಪುರಕ್ಕೆ ಆಟಿಕೆ ಕಾರ್ಖಾನೆ ಬಂದಿದೆ. ಊರಿಗೆ ಈಗ ಯಲಬುರ್ಗಾ ಬದಲು ಕುಕನೂರೇ ತಾಲ್ಲೂಕು ಕೇಂದ್ರವಾಗಿದೆ. ಇವೆಲ್ಲ ಮೇಲಿನವರು ತಂದುಕೊಟ್ಟವು. ಓಣಿಯ ಗಟಾರ, ಸ್ಮಶಾನದ ದಾರಿ, ಶಾಲೆಯ ಕಾಂಪೌಂಡು, ನಳದ ನೀರು ಮಾತ್ರ ಪಂಚಾಯ್ತಿಯ ಪಾಲಿನವು. ಊರು ಕೈಜೋಡಿಸದಿದ್ದರೆ ಪಂಚಾಯ್ತಿಯಿಂದಲೂ ಆಗದಂಥವು. ತಳಕಲ್ಲಿನ ಸದಸ್ಯರನ್ನು, ಪಿಡಿಒ ಅವರನ್ನು, ಓಣಿಯ ಹಿರಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಸೂತ್ರಗಳನ್ನು ಬರೆದಿದ್ದೇನೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಬೇರೆ ಪಂಚಾಯ್ತಿಗಳಿಗೂ ಸಲ್ಲಬಹುದು.

1. “ನಮ್ಮ ಮಂದಿ ಬರಂಗಿಲ್ಲ” ಅನ್ನುವ ಮಾತು ಇಂದೇ ಬಿಡಿ

ಕೊಪ್ಪಳದ ಗವಿಮಠದ ಜಾತ್ರೆ ಹತ್ತಿರ ಬಂತೆಂದರೆ ಜಿಲ್ಲೆಯ ಹಳ್ಳಿಹಳ್ಳಿಗಳಲ್ಲಿ ಜೋಳದ ರೊಟ್ಟಿ ಬಡಿಯುವ ಸದ್ದು ಶುರುವಾಗುತ್ತದೆ. ಒಂದೊಂದು ಓಣಿಯ ಹೆಣ್ಣುಮಕ್ಕಳು ಸೇರಿ ಬಡಿದ ರೊಟ್ಟಿ ಒಣಗಿ ಖಡಕ್ಕಾಗಿ, ಟ್ರ್ಯಾಕ್ಟರ್ ಏರಿ ಮಹಾದಾಸೋಹಕ್ಕೆ ಹೋಗುತ್ತದೆ. ಲಕ್ಷಗಟ್ಟಲೆ ರೊಟ್ಟಿ. ಯಾವ ಇಲಾಖೆಯೂ ಸುತ್ತೋಲೆ ಹೊರಡಿಸಿರುವುದಿಲ್ಲ. 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಹಿರೇಹಳ್ಳದ ಪುನಶ್ಚೇತನಕ್ಕೆ ಇಳಿದಾಗಲೂ ಹೀಗೇ ಆಯಿತು. ಜಾಲಿ ಬೆಳೆದು, ಹೂಳು ತುಂಬಿ, ಕಸ ಸೇರಿ ಮುಚ್ಚಿಹೋಗಿದ್ದ ಹಳ್ಳವನ್ನು ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಜನ ತೆರೆದರು.

ಬರುವ ಜನ ನಮ್ಮಲ್ಲಿ ಇದ್ದಾರೆ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು? ಅವರು ಬರುವುದು ಯಾಕೆ? ತಾವು ಕೊಟ್ಟ ರೊಟ್ಟಿ ಯಾರ ತಾಟಿಗೆ ಬಿತ್ತು ಎಂಬುದನ್ನು ಅವರು ಕಣ್ಣಾರೆ ಕಾಣುತ್ತಾರೆ. ಕೊಡುವುದರಲ್ಲಿ ಬಡವ ಬಲ್ಲಿದ ಎನ್ನದೆ ಎಲ್ಲರಿಗೂ ಪಾಲಿದೆ. ಕರೆದವರ ಮೇಲೆ ನಂಬಿಕೆಯೂ ಇದೆ. ಈ ಮೂರರಲ್ಲಿ ನಮ್ಮ ಪಂಚಾಯ್ತಿಗೆ ಯಾವುದು ಕಡಿಮೆಯಾಗಿದೆ ಎಂದು ಸದಸ್ಯರು ಒಂದು ಸಂಜೆ ಕೂತು ಮುಚ್ಚುಮರೆಯಿಲ್ಲದೆ ಮಾತಾಡಲಿ. ಮುಂದಿನ ಸೂತ್ರಗಳೆಲ್ಲ ಆ ಮಾತುಕತೆಗೇ ಜೋತುಕೊಂಡಿವೆ.

2. ವಾರ್ಡ್ ಸಭೆ ಹಾರಿಸಬೇಡಿ

ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಮೊದಲು ವಾರ್ಡ್ ಸಭೆ, ಆಮೇಲೆ ಗ್ರಾಮಸಭೆ. ಎರಡೂ ಕನಿಷ್ಠ ಆರು ತಿಂಗಳಿಗೊಮ್ಮೆ ನಡೆಯಬೇಕು. ವಾರ್ಡ್ ಸಭೆಯ ಕೋರಂ ಮತದಾರರ ಹತ್ತನೇ ಒಂದು ಭಾಗ ಅಥವಾ 20 ಮಂದಿ, ಯಾವುದು ಕಡಿಮೆಯೋ ಅದು. ಒಂದು ಓಣಿಯ ಕಟ್ಟೆಯ ಮೇಲೆ ಸಂಜೆ ಕೂತರೆ ಇಪ್ಪತ್ತು ಮಂದಿ ಕರೆಯದೆಯೇ ಸೇರುತ್ತಾರೆ.

ಹಾಗಿದ್ದೂ ಎಷ್ಟೋ ಊರುಗಳಲ್ಲಿ ನಡೆಯುವುದು ಬೇರೆ. ಠರಾವು ಪುಸ್ತಕ ಬಗಲಲ್ಲಿ ಹಿಡಿದ ಸಿಬ್ಬಂದಿ ಮನೆಮನೆಗೆ ಹೋಗಿ, “ಇಲ್ಲೊಂದು ಸಹಿ ಹಾಕ್ರಿ ಯಕ್ಕಾ” ಅನ್ನುತ್ತಾರೆ. ಒಲೆಯ ಮುಂದಿನಿಂದ ಎದ್ದು ಬಂದ ಆಕೆ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೆಬ್ಬೆಟ್ಟು ಒತ್ತುತ್ತಾಳೆ. ಮೇಲಿನ ಸಾಲುಗಳಲ್ಲಿ ಏನು ಬರೆದಿದೆಯೋ ಆಕೆಗೆ ಗೊತ್ತಿಲ್ಲ. ಕೆಲವೊಮ್ಮೆ ಅಲ್ಲಿ ಇನ್ನೂ ಏನೂ ಬರೆದೇ ಇರುವುದಿಲ್ಲ. ಆಕೆಯ ಓಣಿಗೆ ಬೇಕಿದ್ದದ್ದು ಬೀದಿದೀಪ, ಕ್ರಿಯಾ ಯೋಜನೆಯಲ್ಲಿ ಸೇರಿದ್ದು ಇನ್ನೊಂದು ಕಡೆಯ ಸಿ.ಸಿ. ರಸ್ತೆ. ಮುಂದಿನ ಸಲ ಡಂಗುರ ಹೊಡೆದರೆ ಆಕೆ ಯಾಕೆ ಬಂದಾಳು? ಜನರಿಗೆ ಪಾಲು ಬೇಕಿರುವುದು ಮೊದಲು ತೀರ್ಮಾನದಲ್ಲಿ. ಸಲಿಕೆ ಹಿಡಿಯುವ ಮಾತು ಅದರ ನಂತರದ್ದು.

3. ಸಭೆಯ ಹೊತ್ತನ್ನು ದುಡಿಯುವವರನ್ನು ಕೇಳಿ ಇಡಿ

ಬೆಳಿಗ್ಗೆ 11 ಗಂಟೆ ಕಚೇರಿಗೆ ಅನುಕೂಲದ ಹೊತ್ತು. ಹೊಲಕ್ಕೆ ಹೋದವರಿಗೆ, ಭಾನಾಪುರದ ಕಾರ್ಖಾನೆಗೆ ಹೋದ ಹೆಣ್ಣುಮಕ್ಕಳಿಗೆ ಅದು ಆಗದ ಹೊತ್ತು. ಇಂಗ್ಲೆಂಡಿನ ಹಳ್ಳಿಗಳ ಪ್ಯಾರಿಷ್ ಸಭೆಯನ್ನು ಸಂಜೆ 6ಕ್ಕೆ ಮುಂಚೆ ಶುರುಮಾಡುವಂತಿಲ್ಲ. ಇದು ಅಲ್ಲಿಯ ಕಾಯ್ದೆಯಲ್ಲೇ ಇದೆ. ನಮ್ಮಲ್ಲಿ ಎತ್ತು ಹೂಡದ ಸೋಮವಾರ ಇದೆ, ಅಮಾವಾಸ್ಯೆ ಇದೆ. ಆ ದಿನಗಳ ಸಂಜೆ ಹಿಡಿಯಿರಿ. ಹಿಂಗಾರಿ ಬಿತ್ತಿಗೆ, ಹತ್ತಿ ಬಿಡಿಸುವಾಗ, ಕಡಲೆ–ಜೋಳದ ರಾಶಿಯ ಹೊತ್ತಿನಲ್ಲಿ ಸಭೆ ಬೇಡವೇ ಬೇಡ.

4. ಮನೆ ಹಂಚಿಕೆಗೆ ಬೇರೆ ದಿನ ಕೊಡಿ

ವಸತಿ ಯೋಜನೆಯ ಫಲಾನುಭವಿಗಳ ಆಯ್ಕೆಯನ್ನು ಉಳಿದ ವಿಷಯಗಳ ಜೊತೆ ಇಟ್ಟರೆ ಜಗಳದಲ್ಲಿ ಸಭೆ ಮುಗಿಯುತ್ತದೆ. ಸೂರಿಲ್ಲದವರ ಸಿಟ್ಟಿಗೆ ಅರ್ಥವಿದೆ, ಅದಕ್ಕೆ ಪೂರ್ತಿ ಒಂದು ದಿನ ಸಲ್ಲಬೇಕು. ನೀರು, ಗಟಾರ, ಶಾಲೆಯ ಮಾತಿಗೆ ಇನ್ನೊಂದು ದಿನ.

5. ಒಂದು ಸಣ್ಣ ಕೆಲಸವನ್ನು ಬೇಗ ಮುಗಿಸಿ ತೋರಿಸಿ

ಗಂಗಾವತಿ ತಾಲ್ಲೂಕಿನ ದಾನಾಪುರದಲ್ಲಿ ಶಾಲಾ ಹುಡುಗಿಯೊಬ್ಬಳು ಮನೆಯಲ್ಲಿ ಶೌಚಾಲಯ ಬೇಕೆಂದು ಊಟ ಬಿಟ್ಟು ಕೂತಳು. ಆಗಿನ ಗ್ರಾಮ ಪಂಚಾಯ್ತಿ ಅಧ್ಯಕ್ಷರು 18 ಸಾವಿರ ರೂಪಾಯಿ ಹೊಂದಿಸಿ ಒಂದು ವಾರದಲ್ಲಿ ಕಟ್ಟಿಸಿಕೊಟ್ಟರು. 2016ರ ಆಗಸ್ಟ್ 28ರಂದು ಪ್ರಧಾನಿ ತಮ್ಮ ‘ಮನ್ ಕೀ ಬಾತ್’ನಲ್ಲಿ ಅದನ್ನು ಹೇಳಿದರು. ಮೊತ್ತ ಸಣ್ಣದು. ಆದರೆ ಕೇಳಿದ್ದು ಏಳು ದಿನದಲ್ಲಿ ಆಗುತ್ತದೆ ಎಂದು ಒಂದು ಊರಿಗೆ ಗೊತ್ತಾಯಿತು. ನೀವು ಒಂದು ಬಸ್ ತಂಗುದಾಣಕ್ಕೆ ಕಲ್ಲಿನ ಆಸನ ಹಾಕಿಸಿ, ಅಂಗನವಾಡಿಯ ಸೋರುವ ಮಾಳಿಗೆ ಸರಿಮಾಡಿಸಿ. ಸಭೆಯಲ್ಲಿ ಕೇಳಿದ ತಿಂಗಳೊಳಗೆ ಆಗಲಿ.

6. ಅಧ್ಯಕ್ಷೆಯ ಕುರ್ಚಿಯಲ್ಲಿ ಅಧ್ಯಕ್ಷೆಯೇ ಕೂರಲಿ

ಕರ್ನಾಟಕದ ಪಂಚಾಯ್ತಿಗಳಲ್ಲಿ 2010ರಿಂದ ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲು. ಸಭೆಗೆ ಬರುವವನು ಆಕೆಯ ಗಂಡನೋ ಮೈದುನನೋ ಆದರೆ ಆ ಮೀಸಲಾತಿಯಿಂದ ಊರಿಗೆ ಏನೂ ದಕ್ಕುವುದಿಲ್ಲ. ಪಿಡಿಒ ಮೊದಲ ದಿನವೇ ಗೌರವದಿಂದಲೇ ಹೇಳಬೇಕು: “ಅಣ್ಣಾರ, ನೀವು ಹೊರಗ ಕೂಡ್ರಿ, ಅಕ್ಕಾರ ಮಾತಾಡ್ತಾರ.”

ಇದನ್ನು ಒತ್ತಿ ಹೇಳಲು ಕಾರಣವಿದೆ. ನಳಕ್ಕೆ ನೀರು ಎಷ್ಟು ಹೊತ್ತಿಗೆ ಬಿಟ್ಟರೆ ಕೂಲಿ ತಪ್ಪುವುದಿಲ್ಲ, ಯಾವ ಕಂಬದ ದೀಪ ಕೆಟ್ಟರೆ ಬಯಲಿಗೆ ಹೋಗಲು ಭಯ, ಯಾವ ಗಟಾರದ ನೀರು ಶಾಲೆಯ ಬಾಗಿಲಿಗೆ ಬರುತ್ತದೆ— ಇದೆಲ್ಲ ಗೊತ್ತಿರುವುದು ಹೆಣ್ಣುಮಕ್ಕಳಿಗೆ. ಸ್ತ್ರೀಶಕ್ತಿ ಸಂಘಗಳು, ಸಂಜೀವಿನಿ ಒಕ್ಕೂಟ ವಾರ ವಾರ ಸೇರಿ ಪೈಸೆ ಪೈಸೆಯ ಲೆಕ್ಕ ಬರೆಯುತ್ತವೆ. ಅಷ್ಟು ಶಿಸ್ತಿನ ಸಭೆ ಊರಲ್ಲಿ ಬೇರೆ ಯಾವುದಿದೆ? ಪಂಚಾಯ್ತಿಯ ಪ್ರತಿ ಕಾಮಗಾರಿಗೂ ಒಕ್ಕೂಟದ ಇಬ್ಬರನ್ನು ಉಸ್ತುವಾರಿಗೆ ಹಾಕಿ. ಸಿಮೆಂಟಿಗೆ ಎಷ್ಟು ಮರಳು ಬಿತ್ತು, ಕ್ಯೂರಿಂಗಿಗೆ ಎಷ್ಟು ದಿನ ನೀರು ಹೊಡೆದರು ಎಂದು ಅವರು ನೋಡಲಿ. ಸ್ವಚ್ಛ ವಾಹಿನಿಯ ಸ್ಟೇರಿಂಗ್ ಹಿಡಿದು ಓಣಿ ಓಣಿ ಸುತ್ತಿ ಕಸ ಎತ್ತುತ್ತಿರುವ ಹೆಣ್ಣುಮಕ್ಕಳು ರಾಜ್ಯದ ಎಷ್ಟೋ ಪಂಚಾಯ್ತಿಗಳಲ್ಲಿದ್ದಾರೆ. ಅವರಿಂದ ಆಗದ್ದು ಏನಿದೆ?

7. ಲೆಕ್ಕವನ್ನು ಗೋಡೆಯ ಮೇಲೆ ಬರೆಸಿ

ಬೇರೆ ಯಾವ ಸೂತ್ರ ಬಿಟ್ಟರೂ ಇದನ್ನು ಬಿಡಬೇಡಿ. ಕಾಮಗಾರಿ ಮುಗಿದ ಮೇಲೆ ನಿಲ್ಲಿಸುವ ನಾಮಫಲಕದಲ್ಲಿ ಅಂದಾಜು ಮೊತ್ತ, ಲೆಕ್ಕ ಶೀರ್ಷಿಕೆ, ಅನುಷ್ಠಾನ ಸಂಸ್ಥೆ ಎಂದೆಲ್ಲ ಇರುತ್ತದೆ. ಯಾರೂ ಓದುವುದಿಲ್ಲ. ಅದರ ಬದಲು ಅಗಸಿಯ ಬಳಿ, ಹಾಲಿನ ಡೈರಿಯ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿ: ಈ ವರ್ಷ ಪಂಚಾಯ್ತಿಗೆ ಬಂದ ದುಡ್ಡು ಇಷ್ಟು, ಮನೆ ಕರ ವಸೂಲಾದದ್ದು ಇಷ್ಟು, ಖರ್ಚು ಇಂತಿಂಥದ್ದಕ್ಕೆ ಇಷ್ಟು, ಉಳಿದದ್ದು ಇಷ್ಟು.

ಯಾವ ದುಡ್ಡಿಗೆ ಯಾವ ಕಟ್ಟುಪಾಡಿದೆ ಎಂದೂ ಹೇಳಿ. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು, ಉಳಿದ ಶೇ. 40 ಮಾತ್ರ ಊರಿನ ಇತರ ಅಗತ್ಯಗಳಿಗೆ. ಇಂಥ ಕಟ್ಟುಪಾಡು ಗೊತ್ತಿಲ್ಲದವರು ‘ದುಡ್ಡು ಬಂದೈತಿ, ರಸ್ತೆ ಮಾಡವಲ್ರು’ ಎಂದು ಸಿಟ್ಟಾಗುತ್ತಾರೆ. ಗೊತ್ತಾದರೆ ಅವರೇ ಗಟಾರದ ಪಟ್ಟಿ ಹಿಡಿದು ಬರುತ್ತಾರೆ.

ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಜಮಾಬಂದಿ ನಡೆಯಬೇಕು. ಹಿಂದಿನ ವರ್ಷದ ಜಮಾ–ಖರ್ಚನ್ನು ಊರ ಮುಂದೆ ಓದಿ, ಕಾಮಗಾರಿಗಳನ್ನು ಕಣ್ಣಿಂದ ನೋಡಿ ಬರುವ ಒಳ್ಳೆಯ ಪದ್ಧತಿ ಅದು. ಕಚೇರಿಯಲ್ಲೇ ಚಹಾ ಕುಡಿದು ಮುಗಿಸಬೇಡಿ. ಟೇಪು ಹಿಡಿದು ಹೊರಡಿ. ಪುಸ್ತಕದಲ್ಲಿ ಎಷ್ಟು ಮೀಟರ್ ಗಟಾರ ಇದೆ, ನೆಲದಲ್ಲಿ ಎಷ್ಟಿದೆ, ಆ ಓಣಿಯ ಹುಡುಗನ ಕೈಯಿಂದಲೇ ಅಳೆಸಿ.

8. ಕೆರೆಗೆ ಕೈಹಾಕುವ ಮೊದಲು ಹೂಳಿಗೆ ಹೊಲ ಹುಡುಕಿ

ನಮ್ಮ ಭಾಗದಲ್ಲಿ ಕೆರೆಯ ಕೆಲಸಕ್ಕೆ ಒಳ್ಳೆಯ ಉದಾಹರಣೆಗಳಿವೆ. 2017ರಲ್ಲಿ ನಟ ಯಶ್ ಅವರ ಯಶೋಮಾರ್ಗ ಸಂಸ್ಥೆ ಯಲಬುರ್ಗಾ ತಾಲ್ಲೂಕಿನ ತಲ್ಲೂರು ಕೆರೆಯ ಹೂಳೆತ್ತಿಸಿತು. ಎರಡು ವರ್ಷದ ಮೇಲೆ ಕುಷ್ಟಗಿ ಹತ್ತಿರದ ನಿಡಶೇಸಿ ಕೆರೆಗೆ ಸುತ್ತಲಿನ ಜನ, ಸಂಘಸಂಸ್ಥೆಗಳು ಮುಂದಾದವು. ಪಂಚಾಯ್ತಿಗೆ ಅಷ್ಟು ದೊಡ್ಡ ಕೈ ಇಲ್ಲ. ಆದರೆ ಹೂಳು ಯಾರ ಹೊಲಕ್ಕೆ ಹೋಗಬೇಕು, ಟ್ರ್ಯಾಕ್ಟರ್ ಬಾಡಿಗೆ ಯಾರದು, ನೀರು ಬರುವ ಹಳ್ಳವನ್ನು ಯಾರು ಒತ್ತಿದ್ದಾರೆ, ಇವನ್ನು ಊರೊಳಗೆ ಕೂತು ಬಗೆಹರಿಸುವ ಶಕ್ತಿ ಪಂಚಾಯ್ತಿಗೆ ಮಾತ್ರ ಇದೆ. ಹೂಳು ಬೇಕೆನ್ನುವ ರೈತರ ಪಟ್ಟಿ ಮೊದಲು ಸಿದ್ಧವಾಗಲಿ. ನೀರು ಬರುವ ದಾರಿ ಬಿಡಿಸದೆ ಕೆರೆ ತೋಡಿದರೆ ಅಲ್ಲಿ ಉಳಿಯುವುದು ಒಣ ಗುಂಡಿಯೇ.

9. ಕಾಲೇಜಿನ ಬಾಗಿಲು ತಟ್ಟಿ

ಊರಲ್ಲೇ ಎಂಜಿನಿಯರಿಂಗ್ ಕಾಲೇಜು ಇರುವ ಭಾಗ್ಯ ಎಷ್ಟು ಪಂಚಾಯ್ತಿಗಳಿಗಿದೆ? ಹಳ್ಳಿಯ ಗಟಾರಗಳು ಸೋಲುವುದು ಬಹುಪಾಲು ಇಳಿಜಾರಿನ ಲೆಕ್ಕ ತಪ್ಪಿ; ನೀರು ಹರಿಯದೆ ಓಣಿಯ ನಡುವೆ ನಿಂತು ಸೊಳ್ಳೆ ಸಾಕುತ್ತದೆ. ಎಸ್ಟಿಮೇಟ್ ಆಗುವ ಮೊದಲೇ ವಿದ್ಯಾರ್ಥಿಗಳ ಗುಂಪೊಂದು ಓಣಿಗೆ ಬಂದು ಏರುತಗ್ಗು ಅಳೆದು ನಕ್ಷೆ ಮಾಡಿಕೊಡಲಿ. ಸಾಧನ ಇಲ್ಲದಿದ್ದರೆ ಗೌಂಡಿಗಳು ಬಳಸುವ ಲೆವೆಲ್ ಪೈಪೂ ಸಾಕು. ಗುಳೆ ಹೋದವರನ್ನೂ ಮರೆಯಬೇಡಿ. ಬೆಂಗಳೂರು, ಗೋವಾದಲ್ಲಿ ದುಡಿಯುವ ಊರ ಹುಡುಗರನ್ನು ವಾಟ್ಸ್ಆ್ಯಪ್ ಗುಂಪಿಗೆ ಸೇರಿಸಿ, ಠರಾವಿನ ಫೋಟೊ ಕಳಿಸಿ. ಜಾತ್ರೆಗೆ ಬಂದಾಗ ಅವರೇ ಕೇಳುತ್ತಾರೆ, ಆ ಕೆಲಸ ಎಲ್ಲಿಗೆ ಬಂತು ಎಂದು.

10. ಮಕ್ಕಳ ಗ್ರಾಮಸಭೆಯಲ್ಲಿ ಬಿಸ್ಕತ್ತಿನ ಜೊತೆ ಉತ್ತರವನ್ನೂ ಕೊಡಿ

ವರ್ಷಕ್ಕೊಮ್ಮೆ ನಡೆಸಬೇಕಾದ ಸಭೆ ಇದು. ಮಕ್ಕಳು ಕೇಳಿದ್ದನ್ನು ಬರೆದುಕೊಳ್ಳಿ. ಆಗಿದ್ದು, ಆಗದಿದ್ದದ್ದು, ಯಾಕೆ ಆಗಲಿಲ್ಲ ಎಂಬುದನ್ನು ಮುಂದಿನ ವರ್ಷದ ಸಭೆ ಶುರುವಾಗುವ ಮೊದಲು ಓದಿ ಹೇಳಿ. ಗ್ರಂಥಾಲಯ ಸಂಜೆ ತೆರೆದಿರಲಿ ಎಂದು ಅವರು ಕೇಳಿದರೆ ಅಂದೇ ಒಪ್ಪಿಕೊಳ್ಳಿ.

11. ಉದ್ಘಾಟನೆಗೆ ಮೊದಲು ನಿರ್ವಹಣೆ ಬರೆದಿಡಿ

1980ರ ದಶಕದಲ್ಲಿ ಸಚಿವ ಅಬ್ದುಲ್ ನಜೀರ್ ಸಾಬ್ ಬರಪೀಡಿತ ಹಳ್ಳಿಗಳಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಆದರು. 1983ರ ಪಂಚಾಯ್ತಿ ಕಾಯ್ದೆಯಿಂದ ಅಧಿಕಾರವನ್ನೂ ಹಳ್ಳಿಗೆ ಇಳಿಸಿದರು. ನೀರನ್ನೂ ಅಧಿಕಾರವನ್ನೂ ಒಂದೇ ಕೈಯಲ್ಲಿ ತಂದ ಆ ಮನುಷ್ಯನ ನೆನಪು ಹಳಬರಲ್ಲಿ ಇನ್ನೂ ಇದೆ. ಇಂದಿನ ಕಷ್ಟ ಬೇರೆ. ಯಲಬುರ್ಗಾ–ಕುಷ್ಟಗಿ ಕಡೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇದೆ. ಅದಕ್ಕೆಂದು ಶುದ್ಧ ನೀರಿನ ಘಟಕಗಳು ಬಂದವು. ಎಷ್ಟೋ ಕಡೆ ಫಿಲ್ಟರ್ ಬದಲಿಸದೆ, ಮೋಟರ್ ಸುಟ್ಟು, ಬೀಗ ಬಿದ್ದಿದೆ. ಬೀಗ ಬಿದ್ದ ಘಟಕದ ಮುಂದೆ ಕೊಡ ಹಿಡಿದು ನಿಂತು ಹಳೆಯ ಬೋರಿನ ನೀರಿಗೇ ವಾಪಸ್ ಹೋಗುವ ಮುದುಕಿಯನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ಯಾವುದೇ ಕೆಲಸದ ಠರಾವಿನ ಕೆಳಗೆ ನಾಲ್ಕು ಸಾಲು ಕಡ್ಡಾಯ ಮಾಡಿ. ಬೀಗದಕೈ ಯಾರ ಹತ್ತಿರ? ಕೆಟ್ಟರೆ ಎಷ್ಟು ದಿನದಲ್ಲಿ ರಿಪೇರಿ? ದುಡ್ಡು ಯಾವ ಬಾಬತ್ತಿನಿಂದ? ಮಾಡದಿದ್ದರೆ ಯಾರನ್ನು ಕೇಳಬೇಕು? ಘಟಕದ ಗೋಡೆಯ ಮೇಲೆ ಆ ನಾಲ್ಕಕ್ಕೂ ಉತ್ತರ ಬರೆದು, ಫಿಲ್ಟರ್ ಬದಲಿಸಿದ ತಾರೀಖನ್ನು ಪ್ರತಿ ಸಲವೂ ಅಲ್ಲೇ ತುಂಬಿಸಿ. ರಿಬ್ಬನ್ ಕತ್ತರಿಸಲು ಸಾಹೇಬರು ಬರುವುದು ತಡವಾದರೂ ಚಿಂತೆಯಿಲ್ಲ, ಈ ಬರಹ ಮಾತ್ರ ಅವರು ಬರುವುದಕ್ಕಿಂತ ಮುಂಚೆ ಅಲ್ಲಿರಲಿ.