ಮಿದುಳಿನ ಚಿತ್ರವೂ ತಲೆಬುರುಡೆಯ ಲೆಕ್ಕವೂ

ಬಾಗಲಗುಂಟೆಗೆ ನೆರೆಯ ಪೀಣ್ಯದ ಯಂತ್ರಶಾಲೆಗಳಲ್ಲಿ ವರ್ನಿಯರ್ ಕ್ಯಾಲಿಪರ್ ಹಿಡಿಯುವವರು ಮೊದಲು ಅದರ ಶೂನ್ಯದೋಷವನ್ನು ನೋಡಿಕೊಳ್ಳುತ್ತಾರೆ. ಮಿದುಳನ್ನು ಚಿತ್ರಿಸುವ ಪೆಟ್-ಎಂ.ಆರ್.ಐ. ಯಂತ್ರಕ್ಕೂ ಅಂತಹದೊಂದು ತಿದ್ದುಪಡಿ ಅವಶ್ಯಕ. ಆದರೆ ಇಲ್ಲಿ ದೋಷಕ್ಕೆ ಕಾರಣ ಉಪಕರಣವಲ್ಲ, ರೋಗಿಯ ತಲೆಬುರುಡೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಈ ಬಗೆಯ ಯಂತ್ರವಿರುವುದರಿಂದ ವಿದ್ಯಾರ್ಥಿಗಳು ಇದರ ಮರ್ಮವನ್ನು ಅರಿಯುವುದು ಉಚಿತ.

ಪೆಟ್ ಪರೀಕ್ಷೆಯಲ್ಲಿ ಗ್ಲೂಕೋಸನ್ನು ಹೋಲುವ ದ್ರವ್ಯವೊಂದಕ್ಕೆ ವಿಕಿರಣಶೀಲ ಫ್ಲೋರಿನ್-18 ಅನ್ನು ಜೋಡಿಸಿ ರಕ್ತಕ್ಕೆ ಸೇರಿಸುತ್ತಾರೆ. ಮಿದುಳಿನಲ್ಲಿ ಹೆಚ್ಚು ದುಡಿಯುವ ಭಾಗಗಳು ಇದನ್ನು ಹೆಚ್ಚಾಗಿ ಹೀರಿಕೊಳ್ಳುತ್ತವೆ. ಫ್ಲೋರಿನ್ ಕ್ಷಯಿಸುವಾಗ ಹೊರಬೀಳುವ ಪಾಸಿಟ್ರಾನು ಸಮೀಪದ ಎಲೆಕ್ಟ್ರಾನನ್ನು ಸಂಧಿಸಿ, ಎರಡೂ ಲಯವಾಗಿ, 511 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎರಡು ಗಾಮಾ ಕಿರಣಗಳು ಪರಸ್ಪರ ವಿರುದ್ಧ ದಿಕ್ಕಿಗೆ ಧಾವಿಸುತ್ತವೆ. ಎರಡೂ ಏಕಕಾಲಕ್ಕೆ ಸಿಕ್ಕಿದರೆ ಮಾತ್ರ ಆ ಜೋಡಿ ಲೆಕ್ಕಕ್ಕೆ ಬರುತ್ತದೆ.

ಒಂದು ಸೆಂಟಿಮೀಟರು ನೀರು ಈ ಕಿರಣಗಳಲ್ಲಿ ಶೇಕಡಾ 9ರಷ್ಟನ್ನೂ ಅಷ್ಟೇ ದಪ್ಪದ ಗಟ್ಟಿಮೂಳೆ ಸುಮಾರು 14ರಷ್ಟನ್ನೂ ದಾರಿ ತಪ್ಪಿಸುತ್ತವೆ. ತಲೆಯನ್ನು 20 ಸೆಂಟಿಮೀಟರು ನೀರೆಂದು ಭಾವಿಸಿದರೂ ಏಳು ಜೋಡಿಗಳಲ್ಲಿ ಒಂದು ಮಾತ್ರ ಅಖಂಡವಾಗಿ ಹೊರಬರುತ್ತದೆ. ಸೋಜಿಗವೆಂದರೆ, ಜೋಡಿಯು ಆ ರೇಖೆಯ ನಡುವೆ ಹುಟ್ಟಿದರೂ ಅಂಚಿನಲ್ಲಿ ಹುಟ್ಟಿದರೂ ನಷ್ಟವು ಒಂದೇ. ಆದುದರಿಂದ ರೇಖೆಯ ಮೇಲೆ ಎಷ್ಟು ಮೂಳೆ, ಎಷ್ಟು ಅಂಗಾಂಶ, ಎಷ್ಟು ಗಾಳಿ ಎಂಬುದು ಗೊತ್ತಾದರೆ ನಷ್ಟವನ್ನು ತುಂಬಿಕೊಡಬಹುದು.

ಸಿ.ಟಿ. ಯಂತ್ರವು ಎಕ್ಸ್-ಕಿರಣಗಳಿಂದ ಕೆಲಸಮಾಡುವುದರಿಂದ ಈ ನಕ್ಷೆಯನ್ನು ಸುಲಭವಾಗಿ ಒದಗಿಸುತ್ತದೆ. ಎಂ.ಆರ್.ಐ. ಕಾಣುವುದು ಜಲಜನಕದ ನ್ಯೂಕ್ಲಿಯಸ್ಸುಗಳನ್ನು. ಗಟ್ಟಿಮೂಳೆಯಲ್ಲಿ ನೀರು ಅತ್ಯಲ್ಪ. ಅದರ ಸಂಕೇತವೂ ಒಂದು ಮಿಲಿಸೆಕೆಂಡಿನೊಳಗೆ ಅಡಗಿಹೋಗುತ್ತದೆ. ಫಲವಾಗಿ ಹೆಚ್ಚಿನದನ್ನು ತಡೆಯುವ ಮೂಳೆಯೂ ಏನನ್ನೂ ತಡೆಯದ ಗಾಳಿಯೂ ಚಿತ್ರದಲ್ಲಿ ಒಂದೇ ಕಪ್ಪು! ಮೂಳೆಯನ್ನು ಮೃದು ಅಂಗಾಂಶವೆಂದೆಣಿಸಿದರೆ, ಇಕ್ಕೆಲಗಳ ಬುರುಡೆ 7 ಮಿಲಿಮೀಟರು ದಪ್ಪವಿದ್ದಲ್ಲಿ, ನೇರ ರೇಖೆಯಲ್ಲಿಯೇ ಶೇಕಡಾ 7ರಷ್ಟು ಕಡಮೆಯಾಗುತ್ತದೆ. ಬುರುಡೆಯನ್ನು ಓರೆಯಾಗಿ ಸವರಿ ಹೋಗುವ ರೇಖೆಗಳಲ್ಲಿ ಇನ್ನೂ ಹೆಚ್ಚು.

ಇದು ಬರಿಯ ಅಂಕಿಗಳ ಮಾತಲ್ಲ. ಔಷಧಕ್ಕೆ ಬಗ್ಗದ ಮೂರ್ಛೆರೋಗದಲ್ಲಿ ಗ್ಲೂಕೋಸನ್ನು ಕಡಮೆ ಬಳಸುವ ಎಡೆಯನ್ನು ಹುಡುಕಿ ಶಸ್ತ್ರಚಿಕಿತ್ಸೆಯನ್ನು ಯೋಜಿಸುತ್ತಾರೆ. ಆ ಎಡೆಯು ಅನೇಕ ವೇಳೆ ಕಪೋಲಭಾಗದ ಮಿದುಳಿನಲ್ಲಿರುತ್ತದೆ. ಅದರ ಮಗ್ಗುಲಲ್ಲೇ ಕಿವಿಯ ಗಟ್ಟಿಮೂಳೆಯೂ ಗಾಳಿಗೂಡುಗಳೂ ಇವೆ. ಎಡಬಲಗಳನ್ನು ಹೋಲಿಸಿದಾಗ ದೋಷವು ಬಹುಮಟ್ಟಿಗೆ ಸರಿದೂಗುವುದು ನಿಜ. ಆರೋಗ್ಯವಂತರ ಅಳತೆಗಳೊಡನೆ ಹೋಲಿಸುವಾಗ ಆ ಸಮಾಧಾನವಿಲ್ಲ.

ಪರಿಹಾರಗಳು ಹಲವು. ಮೂಳೆಯ ಸಂಕೇತ ಅಡಗುವ ಮೊದಲೇ, ಮಿಲಿಸೆಕೆಂಡಿನ ಹತ್ತನೆಯ ಒಂದು ಪಾಲಿನೊಳಗೆ, ಅದನ್ನು ಹಿಡಿಯುವುದು ಒಂದು. ಅನೇಕರ ಸಿ.ಟಿ. ಮತ್ತು ಎಂ.ಆರ್.ಐ. ಚಿತ್ರಗಳಿಂದ ರಚಿಸಿದ ಮಾದರಿ ತಲೆಯನ್ನು ರೋಗಿಯ ತಲೆಗೆ ಹೊಂದಿಸುವುದು ಇನ್ನೊಂದು. ಈಚೆಗೆ ಗಣಕವೇ ಇಂತಹ ಜೋಡಿಚಿತ್ರಗಳಿಂದ ಕಲಿತು ಎಂ.ಆರ್.ಐ.ಯಿಂದ ಸಿ.ಟಿ.ಯನ್ನು ಊಹಿಸುತ್ತದೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನವು 11 ವಿಧಾನಗಳನ್ನು ಪರೀಕ್ಷಿಸಿ, ಸಿ.ಟಿ.ಯೊಡನೆ ಹೋಲಿಸಿದಾಗ ಅವುಗಳ ಸರಾಸರಿ ದೋಷ ಶೇಕಡಾ 5ರೊಳಗೆ ಇರುವುದನ್ನು ಕಂಡಿತು.

ಸರಾಸರಿ ತಲೆಗೆ ಇದು ಸಾಕಾದೀತು. ಹಿಂದೆ ಶಸ್ತ್ರಚಿಕಿತ್ಸೆಯಾಗಿ ಬುರುಡೆಯ ತುಂಡೊಂದನ್ನು ತೆಗೆದಿರುವ ರೋಗಿಯಲ್ಲಿ ಮಾದರಿ ತಲೆಯು ಇಲ್ಲದ ಮೂಳೆಯನ್ನು ಇದೆಯೆಂದು ಬರೆದುಬಿಡಬಹುದು. ಅಂತಹವರಿಗೆ, ಶಸ್ತ್ರಚಿಕಿತ್ಸೆಯ ತರುವಾಯ ತೆಗೆದ ಅವರದೇ ಸಿ.ಟಿ. ಚಿತ್ರವಿದ್ದರೆ, ಅದನ್ನೇ ಹೊಂದಿಸಿಕೊಳ್ಳುವುದು ಲೇಸು.